ಕೊನೆಯ ಪಂಕ್ತಿಯ ತೊಗಲುದುಂಬಿ

ಹೊಲದಂಚಿನಲ್ಲಿ ಸತ್ತುಬಿದ್ದ ದನದ ಕಳೇಬರದ ಮೇಲೆ ನಡೆಯುವ ಊಟಕ್ಕೂ ಮದುವೆಮನೆಯ ಊಟದಂತೆ ಪಂಕ್ತಿಗಳುಂಟು. ಮೊದಲ ಪಂಕ್ತಿ ನೊಣಗಳದು. ಅವು ಬಂದು ಇಡುವ ಮೊಟ್ಟೆಗಳಿಂದ ಹೊರಬಿದ್ದ ಹುಳುಗಳು ಹಸಿ ಮಾಂಸವನ್ನು ಬೇಗನೆ ಮುಗಿಸುತ್ತವೆ. ಆ ಹುಳುಗಳನ್ನೇ ಬೇಟೆಯಾಡಲು ಬರುವ ದುಂಬಿಗಳದು ಮುಂದಿನ ಪಂಕ್ತಿ. ಇವೆಲ್ಲ ಎದ್ದುಹೋಗಿ, ಬಿಸಿಲಿಗೆ ಒಣಗಿ ಬಿರುಸಾದ ತೊಗಲು, ಕೂದಲು ಮತ್ತು ಎಲುಬಿಗಂಟಿದ ನಾರು ಮಾತ್ರ ಉಳಿದಾಗ ಎಲೆಯ ಮುಂದೆ ಕೂರುವವು ತೊಗಲುದುಂಬಿಗಳು. ಈ ಸರದಿ ಸಾಕಷ್ಟು ನಿಯತವಾಗಿರುವುದರಿಂದಲೇ, ಶವದ ಮೇಲೆ ಇವು ಕಂಡುಬಂದರೆ ಸಾವು ಸಂಭವಿಸಿ ಬಹಳ ದಿನಗಳಾಗಿರಬೇಕೆಂದು ಅಪರಾಧ ತನಿಖೆಗೆ ನೆರವಾಗುವ ಕೀಟತಜ್ಞರು ಊಹಿಸುತ್ತಾರೆ.

ಈವರೆಗೆ ಹೆಸರು ಪಡೆದ ದುಂಬಿಗಳ ಪ್ರಭೇದಗಳೇ ಸುಮಾರು 4 ಲಕ್ಷ. ಆ ಸಾಗರದಲ್ಲಿ 1,500ಕ್ಕೂ ಹೆಚ್ಚು ಪ್ರಭೇದಗಳಿರುವ, ತೊಗಲುದುಂಬಿಗಳು ಸೇರಿದ ಡರ್ಮೆಸ್ಟಿಡೇ ಕುಟುಂಬ ದೊಡ್ಡದೇನಲ್ಲ. ಗ್ರೀಕ್ ಭಾಷೆಯ 'ಚರ್ಮ' ಮತ್ತು 'ತಿನ್ನು' ಎಂಬ ಪದಗಳನ್ನು ಬೆಸೆದ ಡರ್ಮೆಸ್ಟಿಸ್ ಎಂಬ ಕುಲನಾಮವನ್ನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಬಳಸಿದನು. ಬಿದಿರಿಗೂ ಮರಮುಟ್ಟಿಗೂ ಕುಟ್ಟೆ ಹಿಡಿಸುವ ದುಂಬಿಗಳು ಇವುಗಳ ಹತ್ತಿರದ ದಾಯಾದಿಗಳು. ಬೇರೆ ಕೀಟಗಳಿಗೆ ಒಗ್ಗದ ಒಣ ವಸ್ತುವಿನಲ್ಲಿ ಬದುಕು ಕಟ್ಟಿಕೊಳ್ಳುವ ಕಲೆ ಈ ಬಳಗದ ಹಲವರಿಗೆ ಕರಗತವಾಗಿದೆ.

ಕಲೆ ಎಂದದ್ದು ಉತ್ಪ್ರೇಕ್ಷೆಯಲ್ಲ. ಕೂದಲು, ಗರಿ, ಗೊರಸುಗಳು ಕೆರಾಟಿನ್ ಎಂಬ ಪ್ರೋಟೀನಿನಿಂದಾಗಿವೆ. ಅದರ ಎಳೆಗಳನ್ನು ಗಂಧಕದ ಕೊಂಡಿಗಳು ಎಷ್ಟು ಬಿಗಿಯಾಗಿ ಹೆಣೆದಿರುತ್ತವೆಂದರೆ ಬಹುತೇಕ ಪ್ರಾಣಿಗಳ ಹೊಟ್ಟೆಯಲ್ಲಿ ಅದು ಕರಗುವುದೇ ಇಲ್ಲ. ಉಣ್ಣೆ ತಿನ್ನುವ ನುಸಿಪತಂಗದ ಮರಿಹುಳುವಿನಂತೆ, ಈ ಕುಟುಂಬದ ಹಲವು ಮರಿಹುಳುಗಳ ಕರುಳು ಆ ಕೊಂಡಿಗಳನ್ನು ಮುರಿಯಬಲ್ಲದು. ಕಂಬಳಿ, ರತ್ನಗಂಬಳಿಗಳಲ್ಲಿ ತೂತು ಬೀಳುವುದು ಇದರಿಂದಲೇ. ಕುಡಿಯಲು ನೀರೂ ಬೇಕಿಲ್ಲ; ತಿಂದದ್ದು ಜೀರ್ಣವಾಗಿ ದೇಹದೊಳಗೆ ಉರಿಯುವಾಗ ಹುಟ್ಟುವ ನೀರೇ ಬಹುಮಟ್ಟಿಗೆ ಸಾಕಾಗುತ್ತದೆ.

ಇಷ್ಟೆಲ್ಲ ಹಾಳುಮಾಡುವುದು ಹೆಚ್ಚಾಗಿ ಮರಿಹುಳು. ಇದೇ ಕುಟುಂಬದ ಕಂಬಳಿದುಂಬಿ ಬೆಳೆದು ರೆಕ್ಕೆ ಬಂದ ಮೇಲೆ ಹೂವಿನ ಪರಾಗ, ಮಕರಂದಗಳನ್ನು ಅರಸುತ್ತ ಬೆಳಕಿನತ್ತ ಹಾರುತ್ತದೆ. ಕಿಟಕಿಯ ಬಳಿ ಕಾಣುವ, ಬಣ್ಣಬಣ್ಣದ ಹುರುಪೆ ಹೊದ್ದ ಎಳ್ಳುಗಾತ್ರದ ದುಂಬಿ ಬಹುಶಃ ಅದೇ. ಅದರ ಮರಿಹುಳುವಿನ ಹಿಂಬದಿಯಲ್ಲಿ ಬಾಣದ ತುದಿಯಂಥ ಸೂಕ್ಷ್ಮ ರೋಮಗಳ ಕುಚ್ಚುಗಳಿರುತ್ತವೆ. ಇರುವೆ ಮೈಮೇಲೆ ಬಿದ್ದರೆ ಈ ರೋಮಗಳು ಕಳಚಿಕೊಂಡು ಅದರ ಕಾಲು, ಮೀಸೆಗಳಿಗೆ ಸಿಕ್ಕು ಹಾಕುತ್ತವೆ. ಕಪಾಟಿನ ಮೂಲೆಯಲ್ಲಿ ಉಳಿದ ಅದೇ ರೋಮಗಳು ಕೆಲವರ ಚರ್ಮದಲ್ಲಿ ತುರಿಕೆ ಎಬ್ಬಿಸುತ್ತವೆ. ದುಂಬಿ ಕಚ್ಚಿತೆಂದು ದೂರುವವರು ಇದನ್ನು ಗಮನಿಸಬೇಕು.

ವಸ್ತುಸಂಗ್ರಹಾಲಯಗಳಿಗೂ ಈ ಕುಟುಂಬಕ್ಕೂ ಇರುವ ಸಂಬಂಧ ನನಗೆ ಎಲ್ಲಕ್ಕಿಂತ ಸ್ವಾರಸ್ಯಕರವೆನಿಸುತ್ತದೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಷಿಕಾಗೋದ ಫೀಲ್ಡ್ ಮ್ಯೂಸಿಯಂಗಳಲ್ಲಿ ಪ್ರಾಣಿಗಳ ಅಸ್ಥಿಪಂಜರವನ್ನು ಶುಚಿಮಾಡುವ ಕೂಲಿಗಳು ತೊಗಲುದುಂಬಿಗಳೇ. ತೊಗಲು ಸುಲಿದು ಮಾಂಸವನ್ನು ಒಣಗಿಸಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರೆ ಸಾಕು, ಇಲಿಯ ಕಡ್ಡಿಯಂಥ ಪಕ್ಕೆಲುಬನ್ನೂ ಮುರಿಯದೆ ಅವು ಕೆಲವೇ ದಿನಗಳಲ್ಲಿ ಸ್ವಚ್ಛಗೊಳಿಸುತ್ತವೆ. ನೀರಿನಲ್ಲಿ ಕುದಿಸುವ ಅಥವಾ ರಾಸಾಯನಿಕದಲ್ಲಿ ನೆನೆಸುವ ವಿಧಾನಕ್ಕೆ ಈ ನಾಜೂಕು ಸಾಧ್ಯವಿಲ್ಲ. ಆದರೆ ಅದೇ ಕುಟುಂಬದ ಇನ್ನೊಂದು ದುಂಬಿಗೆ ಆಂತ್ರೀನಸ್ ಮ್ಯೂಸಿಯೋರಮ್, ಅಂದರೆ ಸಂಗ್ರಹಾಲಯಗಳದ್ದು, ಎಂದೇ ಹೆಸರು ಬಿದ್ದಿದೆ. ಸೂಜಿಗೆ ಚುಚ್ಚಿಟ್ಟ ಅಪರೂಪದ ಚಿಟ್ಟೆಗಳನ್ನು ಅದರ ಮರಿಹುಳು ಪುಡಿಗಟ್ಟುತ್ತದೆ. ಹೀಗಾಗಿ ದುಂಬಿಗಳ ಕೋಣೆಯನ್ನು ಸಂಗ್ರಹದಿಂದ ದೂರವಿಟ್ಟು, ಶುಚಿಯಾದ ಎಲುಬುಗಳನ್ನೂ ಶೈತ್ಯಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ, ಅಡಗಿದ ಹುಳುಗಳು ಸತ್ತವೆಂದು ಖಾತ್ರಿಯಾದ ಮೇಲಷ್ಟೇ ಒಳಗೆ ಒಯ್ಯುತ್ತಾರೆ.

ಕರ್ನಾಟಕದ ರೇಷ್ಮೆ ಉದ್ಯಮಕ್ಕೂ ತೊಗಲುದುಂಬಿ ಹೊಸದಲ್ಲ. ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಪತಂಗ ಹೊರಬಂದ ಮೇಲೆ ಉಳಿಯುವ ತೂತುಗೂಡುಗಳನ್ನು ದಿನಗಟ್ಟಲೆ ರಾಶಿ ಹಾಕಿಟ್ಟರೆ ಅಲ್ಲಿಗೆ ಇವು ಬರುತ್ತವೆ. ದಾಸ್ತಾನಿನ ಗೂಡುಗಳನ್ನು ಕೊರೆದು ಒಳಗಿನ ಒಣ ಕೋಶವನ್ನು ತಿಂದರೆ ಆ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ. ಕರಾವಳಿಯ ಒಣಮೀನಿಗೂ ಇದೇ ಪಾಡು.

ಈ ಕುಟುಂಬದಲ್ಲಿ ದೇಶದೇಶಗಳನ್ನು ಬೆದರಿಸಿರುವುದು ಮಾತ್ರ ತೊಗಲನ್ನು ಬಿಟ್ಟು ಕಾಳಿಗೆ ಬಾಯಿಹಾಕಿದ ಖಾಪ್ರಾ ದುಂಬಿ. ಭಾರತ ಉಪಖಂಡವೇ ಅದರ ತವರು. ರೆಕ್ಕೆಯಿದ್ದರೂ ಹಾರದ ಈ ಕೀಟ ಧಾನ್ಯದ ಮೂಟೆಗಳಲ್ಲಿ, ಹಡಗುಗಳಲ್ಲಿ ಕುಳಿತೇ ಲೋಕ ಸುತ್ತಿದೆ. ಆಹಾರ ಮುಗಿದರೆ ಅಥವಾ ಚಳಿ ಹೆಚ್ಚಿದರೆ ಮರಿಹುಳು ಗೋಡೆಯ ಬಿರುಕಿಗೆ ಸೇರಿ, ಉಪವಾಸದಲ್ಲೇ ವರ್ಷಗಟ್ಟಲೆ ಬದುಕಬಲ್ಲದು. ಕ್ಯಾಲಿಫೋರ್ನಿಯಾದಲ್ಲಿ ಅದು 1953ರಲ್ಲಿ ಪತ್ತೆಯಾದಾಗ ಗೋದಾಮುಗಳಿಗೆ ಇಡಿಯಾಗಿ ಟಾರ್ಪಾಲು ಹೊದಿಸಿ ಒಳಗೆ ವಿಷಾನಿಲ ತುಂಬಿದರು. ಹಾಗೆ ಒಂದೊಂದೇ ಕಟ್ಟಡವನ್ನು ಮುಚ್ಚಿ, ತೆರೆದು, ಬಿರುಕುಗಳನ್ನು ಮತ್ತೆ ತಪಾಸಣೆ ಮಾಡುತ್ತ ಕೀಟ ನಿರ್ಮೂಲವಾಯಿತೆಂದು ಹೇಳುವ ಹೊತ್ತಿಗೆ 1966 ಬಂದಿತ್ತು.