ಊರಿಗೆ ಊರೇ ಕೆಲಸ ಬಿಟ್ಟಾಗ

ಮುಂಬೈಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು 1982ರ ಜನವರಿಯಲ್ಲಿ ಹೂಡಿದ ಮುಷ್ಕರ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1919ರ ಫೆಬ್ರವರಿಯಲ್ಲಿ ಅಮೆರಿಕದ ಸಿಯಾಟಲ್ ನಗರದ ಮುಷ್ಕರದಲ್ಲಿ ಸೇರಿದವರು ಅರವತ್ತು ಸಾವಿರಕ್ಕೂ ಹೆಚ್ಚು, ಅದು ನಡೆದದ್ದು ವಾರಕ್ಕೂ ಕಡಿಮೆ. ಆದರೂ ಸಾರ್ವತ್ರಿಕ ಮುಷ್ಕರವೆಂಬ ಹೆಸರು ಸಲ್ಲುವುದು ಎರಡನೆಯದಕ್ಕೆ. ಮುಂಬೈಯದು ಎಷ್ಟೇ ದೊಡ್ಡದಾಗಿದ್ದರೂ ಒಂದೇ ಉದ್ಯಮದ ಮುಷ್ಕರ.

ಸಿಯಾಟಲ್‌ನಲ್ಲಿ ಹಡಗು ಕಟ್ಟುವ ಸುಮಾರು 35,000 ಕಾರ್ಮಿಕರು ಕೂಲಿ ಹೆಚ್ಚಳಕ್ಕಾಗಿ ಜನವರಿ 21ರಂದೇ ಕೆಲಸ ನಿಲ್ಲಿಸಿದ್ದರು. ಅವರ ಬೆಂಬಲಕ್ಕೆ ನಗರದ ನೂರಕ್ಕೂ ಹೆಚ್ಚು ಸಂಘಗಳು ಮತ ಹಾಕಿ, ಫೆಬ್ರವರಿ 6ರ ಬೆಳಿಗ್ಗೆ ಹತ್ತಕ್ಕೆ ಟ್ರಾಮ್ ನಡೆಸುವವರು, ಅಡುಗೆಯವರು, ಬಟ್ಟೆ ಒಗೆಯುವವರು, ಗಾಡಿ ಹೊಡೆಯುವವರೆಲ್ಲ ಒಟ್ಟಿಗೆ ಕೆಲಸ ಬಿಟ್ಟು ಹೊರಬಂದರು. ಇವರಲ್ಲಿ ಬಹುಪಾಲು ಜನರಿಗೆ ತಮ್ಮ ಮಾಲೀಕರೊಡನೆ ಆ ಹೊತ್ತಿಗೆ ಯಾವ ತಕರಾರೂ ಇರಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಬೇರೆ ಬೇರೆ ಕಸುಬಿನವರು ಒಂದು ಸಮಾನ ಉದ್ದೇಶಕ್ಕಾಗಿ, ಸಂಘಟಿತರಾಗಿ, ಒಂದು ನಗರದ ಅಥವಾ ದೇಶದ ಬದುಕೇ ನಿಲ್ಲುವಷ್ಟು ವ್ಯಾಪಕವಾಗಿ ದುಡಿಮೆಯನ್ನು ಹಿಂತೆಗೆದುಕೊಂಡಾಗ ಮುಷ್ಕರ ಸಾರ್ವತ್ರಿಕವಾಗುತ್ತದೆ. ಆ ಉದ್ದೇಶ ಕೂಲಿಯದೇ ಆಗಬೇಕಿಲ್ಲ; 1893ರಲ್ಲಿ ಬೆಲ್ಜಿಯಂನ ಕಾರ್ಮಿಕರು ಮುಷ್ಕರ ಹೂಡಿದ್ದು ಮತದಾನದ ಹಕ್ಕಿಗಾಗಿ.

ಊರಿಗೆ ಊರೇ ನಿಂತಾಗ ಎಳೆಗೂಸಿಗೆ ಹಾಲು ತರುವವರು ಯಾರು? ಈ ಪ್ರಶ್ನೆಗೆ ಮುಷ್ಕರ ನಿರತರೇ ಉತ್ತರ ಹುಡುಕಬೇಕಾಗಿ ಬಂದದ್ದನ್ನು ನಾನು ಸಾರ್ವತ್ರಿಕ ಮುಷ್ಕರದ ನಿಜವಾದ ಗುರುತೆಂದು ಎಣಿಸುತ್ತೇನೆ. ಸಿಯಾಟಲ್‌ನ ಹಾಲಿನ ಗಾಡಿಯವರು ಬಡಾವಣೆಗಳಲ್ಲಿ 35 ಹಾಲಿನ ಕೇಂದ್ರಗಳನ್ನು ತೆರೆದರು. ಆಸ್ಪತ್ರೆಯ ಬಟ್ಟೆ ಒಗೆಯಲು ಮುಷ್ಕರ ಸಮಿತಿ ಅನುಮತಿ ಕೊಟ್ಟಿತು. ರೋಗ ಹರಡಬಹುದಾದ ಹಸಿ ಕಸವನ್ನು ಸಾಗಿಸಬಹುದು, ಕಾಗದ ಮತ್ತು ಬೂದಿ ಬಿದ್ದಿರಲಿ ಎಂದು ತೀರ್ಮಾನಿಸಿತು. ವಿನಾಯಿತಿ ಪಡೆದ ಗಾಡಿಗಳು ಸಮಿತಿಯ ಫಲಕ ಹೊತ್ತು ಓಡಿದವು. ಸಾಮೂಹಿಕ ಅಡುಗೆಮನೆಗಳಲ್ಲಿ ದಿನಕ್ಕೆ ಸುಮಾರು 30,000 ಊಟ ತಯಾರಾಯಿತು. ದುಡಿಯುವುದನ್ನು ನಿಲ್ಲಿಸಿದವರು ಹೀಗೆ ನಗರವನ್ನೇ ನಡೆಸತೊಡಗಿದ್ದರು, ಆಳುವವರು ಕಂಗಾಲಾದದ್ದೂ ಇದರಿಂದಲೇ.

ನಮ್ಮಲ್ಲಿ ಬಂದ್ ಘೋಷಣೆಯಾದಾಗಲೂ ಹಾಲು, ಔಷಧಿಗೆ ಅಡ್ಡಿಯಿಲ್ಲ ಎನ್ನುತ್ತಾರೆ. ಆದರೆ ಬಂದ್‌ನಲ್ಲಿ ಅಂಗಡಿಯ ಮಾಲೀಕರೂ ಬಾಗಿಲು ಎಳೆಯುತ್ತಾರೆ, ಎಷ್ಟೋ ಸಲ ಕಲ್ಲೇಟಿಗೆ ಹೆದರಿ. ಸಾರ್ವತ್ರಿಕ ಮುಷ್ಕರದ ಬಲವಿರುವುದು ದುಡಿಯುವ ಕೈಗಳ ಒಪ್ಪಿಗೆಯಲ್ಲಿ.

1926ರ ಮೇ ತಿಂಗಳಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರ ಕೂಲಿ ಕಡಿತವನ್ನು ವಿರೋಧಿಸಿ ರೈಲ್ವೆ, ಬಂದರು, ಮುದ್ರಣಾಲಯಗಳ ಕಾರ್ಮಿಕರೂ ಒಂಬತ್ತು ದಿನ ಕೆಲಸ ಬಿಟ್ಟರು. ಮುಷ್ಕರ ಸೋತಿತು. ಮರುವರ್ಷವೇ ಅಲ್ಲಿನ ಸಂಸತ್ತು, ಸರ್ಕಾರದ ಮೇಲೆ ಒತ್ತಡ ತರುವಂಥ ಬೆಂಬಲ ಮುಷ್ಕರಗಳನ್ನು ಕಾನೂನುಬಾಹಿರಗೊಳಿಸಿತು. ಗಣಿಯವನಿಗಾಗಿ ರೈಲಿನವನು ಕೆಲಸ ಬಿಡುವುದು ಅಪರಾಧವೆನಿಸಿದ ಆ ಕಾಯ್ದೆ ರದ್ದಾದದ್ದು 1946ರಲ್ಲಿ.