ರಕ್ತಹೀನತೆ ಇರುವ ಬಾಣಂತಿಗೆ ಎಷ್ಟು ರಕ್ತ ಹೋದರೆ ಅಪಾಯ?

ಪ್ರಶ್ನೆ: ನನ್ನ ತಂಗಿಗೆ ಎಂಟು ತಿಂಗಳು ತುಂಬಿದೆ, ಹಿಮೋಗ್ಲೋಬಿನ್ 7.4 ಇದೆ. ಹೆರಿಗೆಯಲ್ಲಿ ರಕ್ತ ಹೋಗುವುದು ಸಹಜವೆಂದು ಮನೆಯ ಹಿರಿಯರು ಹೇಳುತ್ತಾರೆ. ಅವಳಿಗೆ ಎಷ್ಟು ಹೋದರೆ ಅಪಾಯ? ಆಗ ವೈದ್ಯರು ಏನು ಮಾಡುತ್ತಾರೆ?

ಉತ್ತರ: ಸಹಜ ಹೆರಿಗೆಯಾದ 24 ಗಂಟೆಗಳೊಳಗೆ 500 ಮಿ.ಲೀ. ಅಥವಾ ಹೆಚ್ಚು ರಕ್ತ ಹೋದರೆ ಅದನ್ನು ಅತಿ ರಕ್ತಸ್ರಾವವೆಂದು ಪರಿಗಣಿಸುವುದು ರೂಢಿ. ನಿಮ್ಮ ತಂಗಿಯ ವಿಷಯದಲ್ಲಿ ಆ ಗಡಿ ಮುಟ್ಟುವವರೆಗೆ ಕಾಯುವಂತಿಲ್ಲ. ಹಿಮೋಗ್ಲೋಬಿನ್ 12 ಇರುವವರ ರಕ್ತ ಹೊರುವ ಆಮ್ಲಜನಕದಲ್ಲಿ ಸುಮಾರು ಶೇ 60ರಷ್ಟನ್ನು ಮಾತ್ರ ನಿಮ್ಮ ತಂಗಿಯ ರಕ್ತ ಹೊರಬಲ್ಲುದು. ಆದ್ದರಿಂದ ಬೇರೆಯವರು ತಾಳಿಕೊಳ್ಳುವಷ್ಟೇ ರಕ್ತ ಹೋದರೂ ತಂಗಿಯ ಹೃದಯ ಬೇಗ ಸೋಲಬಹುದು. ನಾಡಿಬಡಿತ ನೂರು ದಾಟಿದ್ದರೆ ಅಥವಾ ರಕ್ತದೊತ್ತಡ ಕುಸಿಯುತ್ತಿದ್ದರೆ 300 ಮಿ.ಲೀ.ಗೇ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಸೂಚಿಸಿದೆ.

ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಅದು ಸಾಮಾನ್ಯವಾಗಿ ಕಡಿಮೆಯೇ ಆಗಿರುತ್ತದೆ, ಏಕೆಂದರೆ ಬಟ್ಟೆ, ಹತ್ತಿ, ಹಾಸಿಗೆ ಹೀರಿಕೊಂಡದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕಾಗಿಯೇ ಬಾಣಂತಿಯ ಸೊಂಟದಡಿ ಹಾಸಿ, ತುದಿಯ ಚೀಲದಲ್ಲಿ ರಕ್ತ ಇಳಿಯುವಂತೆ ಮಾಡುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಇದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಇಂಥ ಹಾಳೆಯಿಂದಲೇ ಅಳೆದರು. ಹೆರಿಗೆಯಾದ ಕೂಡಲೇ ಗರ್ಭಕೋಶವನ್ನು ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟಾಗ ಅತಿ ರಕ್ತಸ್ರಾವವು ಶೇ 12ರಿಂದ 6.4ಕ್ಕೆ ಇಳಿದಿತ್ತು.

ಆಸ್ಪತ್ರೆಯಲ್ಲಿ ಮಗು ಹುಟ್ಟಿದೊಡನೆ ಆಕ್ಸಿಟೋಸಿನ್ ಕೊಡುವುದು ಗರ್ಭಕೋಶ ಗಟ್ಟಿಯಾಗಿ ಕುಗ್ಗಿ, ಮಾಸು ಅಂಟಿದ್ದ ಜಾಗದ ರಕ್ತನಾಳಗಳನ್ನು ಹಿಸುಕಿ ಮುಚ್ಚಲೆಂದು. ಆಮೇಲೂ ರಕ್ತ ನಿಲ್ಲದಿದ್ದರೆ ಗರ್ಭಕೋಶವನ್ನು ತಿಕ್ಕುವುದು, ಗರ್ಭಕೋಶ ಕುಗ್ಗಿಸುವ ಔಷಧ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ಮಾಸಿನ ತುಣುಕು ಉಳಿದಿದೆಯೇ, ಎಲ್ಲಾದರೂ ಹರಿದಿದೆಯೇ ಎಂಬ ಪರೀಕ್ಷೆ, ಇವೆಲ್ಲ ಒಟ್ಟೊಟ್ಟಿಗೆ ನಡೆಯಬೇಕು. ಒಂದು ಫಲಿಸಲಿಲ್ಲವೆಂದು ಖಚಿತವಾದ ಮೇಲೆ ಮತ್ತೊಂದಕ್ಕೆ ಕೈಹಾಕಿದರೆ ರಕ್ತಹೀನ ತಾಯಿಗೆ ಅಷ್ಟು ಸಮಯ ಉಳಿದಿರುವುದಿಲ್ಲ. ಟ್ರಾನೆಕ್ಸಾಮಿಕ್ ಆಮ್ಲವನ್ನು ಹೆರಿಗೆಯಾದ ಮೂರು ಗಂಟೆಯೊಳಗೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ಆದರೆ ರಕ್ತಸ್ರಾವ ಶುರುವಾಗುವ ಮೊದಲೇ ಕೊಟ್ಟರೆ ತಡೆಯಬಹುದೇ ಎಂದು 15,000ಕ್ಕೂ ಹೆಚ್ಚು ರಕ್ತಹೀನ ತಾಯಂದಿರಲ್ಲಿ ಪರೀಕ್ಷಿಸಿದಾಗ ಅಂಥ ಪ್ರಯೋಜನ ಕಂಡುಬರಲಿಲ್ಲ. ಡ್ರಿಪ್ ಕೂಡ ಅತಿಯಾಗಬಾರದು: ಅದು ರಕ್ತವನ್ನು ಮತ್ತಷ್ಟು ತೆಳುವಾಗಿಸುತ್ತದೆ, ದಣಿದ ಹೃದಯಕ್ಕೆ ಹೊರೆಯಾಗುತ್ತದೆ. ಇವರಿಗೆ ನಿಜವಾಗಿ ಬೇಕಾಗುವುದು ರಕ್ತ.

ಆ ರಕ್ತದ ವ್ಯವಸ್ಥೆ ಈಗಲೇ ಆಗಬೇಕು. ರಕ್ತನಿಧಿಯೂ ಶಸ್ತ್ರಚಿಕಿತ್ಸೆಯ ಸೌಲಭ್ಯವೂ ಇರುವ ಆಸ್ಪತ್ರೆಯಲ್ಲೇ ಹೆರಿಗೆಯೆಂದು ನಿಶ್ಚಯಿಸಿ, ರಕ್ತದ ಗುಂಪು ನೋಡಿಸಿ, ದಾನಿಗಳನ್ನು ಗೊತ್ತುಮಾಡಿಕೊಳ್ಳಿ. ಈ ಹಂತದಲ್ಲಿ ಕಬ್ಬಿಣಾಂಶದ ಮಾತ್ರೆಯೊಂದನ್ನೇ ನಂಬಿದರೆ ಸಮಯ ಸಾಲದೆ ಹೋಗಬಹುದು. ನರದ ಮೂಲಕ ಕಬ್ಬಿಣಾಂಶ ಕೊಡುವ ಬಗ್ಗೆ ಈ ವಾರವೇ ವೈದ್ಯರನ್ನು ಕೇಳಿ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿದರೆ ಕಡೆಯ ತಿಂಗಳುಗಳಲ್ಲಿ ಆಸ್ಪತ್ರೆಗೆ ದಾಖಲಾಗಲೇಬೇಕು. ಮನೆಗೆ ಬಂದ ಮೇಲೂ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದರೆ, ತಲೆಸುತ್ತು ಅಥವಾ ಏದುಸಿರು ಕಂಡರೆ, ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.