ಹಿಂದೆ ಬಿದ್ದ ಶಾಲೆಯನ್ನು ಮೇಲೆತ್ತಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಹಲವು ವರ್ಷಗಳಿಂದ ನಮ್ಮ ಶಾಲೆಯ ಫಲಿತಾಂಶ ಕುಸಿಯುತ್ತಲೇ ಇದೆ. ಹಾಜರಾತಿ ಸರಿಯಿಲ್ಲ, ಶಿಕ್ಷಕರಲ್ಲಿ ಉತ್ಸಾಹ ಉಳಿದಿಲ್ಲ, ಪೋಷಕರು ದೂರವಾಗಿದ್ದಾರೆ. ಸರಿಪಡಿಸಬೇಕಾದದ್ದು ಬಹಳಷ್ಟಿರುವಾಗ ಮುಖ್ಯಶಿಕ್ಷಕರೂ ಸಹಶಿಕ್ಷಕರೂ ಸೇರಿ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಉತ್ತರ: ಮೊದಲು ಪ್ರತಿಯೊಂದು ಮಗುವಿಗೂ ಈಗ ನಿಜವಾಗಿ ಏನು ಬರುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು, ಆ ಬಳಿಕ ಕಲಿಕೆಗೆ ಸಂಬಂಧಿಸಿದ ಒಂದೇ ಗುರಿಯನ್ನು ಆರಿಸಿ, ಅದನ್ನು ಎಲ್ಲ ಶಿಕ್ಷಕರೂ ಎಲ್ಲ ತರಗತಿಗಳಲ್ಲೂ ಕೆಲವು ವರ್ಷಗಳ ಕಾಲ ಬಿಡದೆ ಹಿಡಿದು ನಡೆಸಬೇಕು. ಆ ಗುರಿ ಬಹುತೇಕ ಶಾಲೆಗಳಲ್ಲಿ ಓದು ಮತ್ತು ಬರಹವೇ ಆಗಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಪಠ್ಯವನ್ನು ಓದಿ ಅರ್ಥ ಮಾಡಿಕೊಳ್ಳಲಾಗದ ಮಗು ವಿಜ್ಞಾನದಲ್ಲೂ ಗಣಿತದ ಲಿಖಿತ ಸಮಸ್ಯೆಗಳಲ್ಲೂ ಸಮಾಜ ಪಾಠದಲ್ಲೂ ಹಿಂದೆ ಬೀಳುತ್ತದೆ, ಮತ್ತು ನಾವು ಅದನ್ನು ಬೇರೆ ಬೇರೆ ವಿಷಯಗಳ ದೌರ್ಬಲ್ಯವೆಂದು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಿರುತ್ತೇವೆ. ಕಟ್ಟಡ, ಸಮವಸ್ತ್ರ, ಕಂಪ್ಯೂಟರ್ ಕೊಠಡಿ, ಶಿಸ್ತಿನ ನಿಯಮಾವಳಿ ಇವು ಯಾವುವೂ ಅನಗತ್ಯವಲ್ಲ. ಆದರೆ ಎಲ್ಲವನ್ನೂ ಒಂದೇ ವರ್ಷದಲ್ಲಿ ಎತ್ತಿಕೊಂಡ ಶಾಲೆ ಈಗಾಗಲೇ ದಣಿದಿರುವ ಶಿಕ್ಷಕರ ಮೇಲೆ ಇನ್ನಷ್ಟು ಹೊರೆ ಹೊರಿಸಿ, ಯಾವುದನ್ನೂ ಕೊನೆ ಮುಟ್ಟಿಸದೆ ನಿಂತುಬಿಡುತ್ತದೆ.

ಮಕ್ಕಳಿಗೆ ಏನು ಬರುತ್ತದೆ ಎಂಬುದು ವಾರ್ಷಿಕ ಪರೀಕ್ಷೆಯ ಅಂಕಗಳಿಂದ ಗೊತ್ತಾಗುವುದಿಲ್ಲ. ನೂರಕ್ಕೆ ಇಪ್ಪತ್ತೆರಡು ಅಂಕ ಪಡೆದ ಮಗುವಿಗೆ ಅಕ್ಷರಗಳೇ ಗೊತ್ತಿಲ್ಲವೋ, ಅಕ್ಷರ ಗೊತ್ತಿದ್ದು ಪದವಾಗಿ ಕೂಡಿಸಲು ಬರುವುದಿಲ್ಲವೋ, ಓದಲು ಬಂದರೂ ಅರ್ಥ ಹತ್ತುವುದಿಲ್ಲವೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಅದಕ್ಕೆ ಇರುವ ದಾರಿ ಬಹಳ ಸರಳವಾದದ್ದು: ಪ್ರತಿಯೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿಸುವುದು. ಭಾರತದಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಬಳಕೆಗೆ ತಂದ ಪರೀಕ್ಷೆಯಲ್ಲಿ ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಒಂದು ಸಣ್ಣ ಕಥೆ ಎಂಬ ನಾಲ್ಕು ಮೆಟ್ಟಿಲುಗಳಿದ್ದು, ಒಂದು ಮಗು ಯಾವ ಮೆಟ್ಟಿಲಿನಲ್ಲಿ ನಿಂತಿದೆ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಈ ಕೆಲಸವನ್ನು ಹೊರಗಿನವರಿಂದ ಮಾಡಿಸದೆ ಶಿಕ್ಷಕರೇ ಮಾಡಬೇಕು. ಐದನೆಯ ತರಗತಿಯ ಮಗುವೊಂದು ಎರಡನೆಯ ತರಗತಿಯ ವಾಕ್ಯದ ಮುಂದೆ ತಡವರಿಸುವುದನ್ನು ತಾವೇ ಕೇಳಿಸಿಕೊಂಡ ಶಿಕ್ಷಕರಿಗೆ ಪಾಠಕ್ರಮ ಮುಗಿಸುವ ಆತುರ ಎಷ್ಟು ಅರ್ಥಹೀನವೆಂದು ಯಾರೂ ವಿವರಿಸಿ ಹೇಳಬೇಕಾಗುವುದಿಲ್ಲ.

ಹೀಗೆ ತಿಳಿದ ಮೇಲೆ ಮುಂದಿನ ಹೆಜ್ಜೆಯೂ ತಾನಾಗಿ ಕಾಣುತ್ತದೆ. ಪ್ರಾಥಮಿಕ ಹಂತದಲ್ಲಿ ದಿನದ ಒಂದೆರಡು ಗಂಟೆಗಳ ಮಟ್ಟಿಗೆ ಮಕ್ಕಳನ್ನು ವಯಸ್ಸು ಅಥವಾ ತರಗತಿಯ ಬದಲು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ಆ ಗುಂಪಿಗೆ ಬೇಕಾದದ್ದನ್ನೇ ಕಲಿಸುವುದು, ಮತ್ತು ಮಗು ಮುಂದೆ ಸಾಗಿದ ಕೂಡಲೇ ಅದನ್ನು ಮುಂದಿನ ಗುಂಪಿಗೆ ಕಳುಹಿಸುವುದು. ಭಾರತದ ಹಲವು ರಾಜ್ಯಗಳಲ್ಲಿ ಪ್ರಥಮ್ ನಡೆಸಿದ ಈ ಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಹೋದ್ಯೋಗಿಗಳು ವರ್ಷಗಳ ಕಾಲ ಪರೀಕ್ಷಿಸಿ ನೋಡಿದ್ದಾರೆ. ಇಬ್ಬರಿಗೂ ಮೈಕೇಲ್ ಕ್ರೆಮರ್ ಅವರೊಂದಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ಅವರ ಕೆಲಸದಲ್ಲಿ ಮತ್ತೆ ಮತ್ತೆ ಕಂಡುಬಂದ ಒಂದು ಸಂಗತಿಯನ್ನು ಶಾಲೆ ನಡೆಸುವವರು ಗಮನಿಸಬೇಕು: ಶಿಕ್ಷಕರಿಗೆ ತರಬೇತಿ ಕೊಟ್ಟರಷ್ಟೇ ಸಾಲಲಿಲ್ಲ, ಸಾಮಗ್ರಿ ಕೊಟ್ಟರಷ್ಟೇ ಸಾಲಲಿಲ್ಲ, ದಿನದ ವೇಳಾಪಟ್ಟಿಯಲ್ಲಿ ಈ ಕೆಲಸಕ್ಕೆಂದೇ ಸಮಯ ಮೀಸಲಿಟ್ಟು, ಅದು ನಡೆಯುತ್ತಿದೆಯೇ ಎಂದು ಬಂದು ನೋಡುವವರು ಇದ್ದಾಗಲೇ ಮಕ್ಕಳ ಓದು ಸುಧಾರಿಸಿತು. ಈ ಗುಂಪುಗಳು ಶಾಶ್ವತ ಹಣೆಪಟ್ಟಿಗಳಾಗದಂತೆ ಎಚ್ಚರ ವಹಿಸುವುದೂ ಅಷ್ಟೇ ಮುಖ್ಯ. ವರ್ಷವಿಡೀ ಒಂದೇ ಗುಂಪಿನಲ್ಲಿ ಉಳಿದ ಮಗುವಿಗೆ ಆ ಗುಂಪಿನಿಂದ ಪ್ರಯೋಜನವಾಗಿಲ್ಲವೆಂದೇ ತಿಳಿಯಬೇಕು.

ದೊಡ್ಡ ಮಕ್ಕಳ ಶಾಲೆಯಲ್ಲಿ ಇದು ಸಾಧ್ಯವೇ ಎಂಬ ಸಂದೇಹ ಸಹಜ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಪ್ರೌಢಶಾಲೆಯ ಅನುಭವವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಆ ಶಾಲೆಯಲ್ಲಿ ಬಡ ಕುಟುಂಬಗಳ ಮಕ್ಕಳೂ ಮನೆಯಲ್ಲಿ ಇಂಗ್ಲಿಷ್ ಮಾತನಾಡದ ಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು. 1998ರಲ್ಲಿ ರಾಜ್ಯವು ಹೊಸ ಪರೀಕ್ಷೆ ನಡೆಸಿದಾಗ ಶೇಕಡಾ 44ರಷ್ಟು ಮಕ್ಕಳು ಇಂಗ್ಲಿಷಿನಲ್ಲಿಯೂ ಶೇಕಡಾ 75ರಷ್ಟು ಮಕ್ಕಳು ಗಣಿತದಲ್ಲಿಯೂ ಅನುತ್ತೀರ್ಣರಾದರು. ಶಿಕ್ಷಕರದೇ ಒಂದು ಸಮಿತಿ ಶನಿವಾರಗಳಂದು ಸೇರಿ ಕಾರಣಗಳನ್ನು ಚರ್ಚಿಸಿ, ಓದುವುದು, ಬರೆಯುವುದು, ಮಾತನಾಡುವುದು, ತರ್ಕಬದ್ಧವಾಗಿ ಯೋಚಿಸುವುದು ಎಂಬ ನಾಲ್ಕು ಸಾಮರ್ಥ್ಯಗಳನ್ನು ಪ್ರತಿಯೊಂದು ವಿಷಯದ ಪಾಠದಲ್ಲೂ ಕಲಿಸಬೇಕೆಂದು ತೀರ್ಮಾನಿಸಿತು. ಅದರಲ್ಲೂ ಮೊದಲು ಆರಿಸಿಕೊಂಡದ್ದು ಒಂದನ್ನೇ: ಪ್ರಶ್ನೆಯೊಂದಕ್ಕೆ ಪಠ್ಯದ ಆಧಾರದಿಂದ ಕ್ರಮಬದ್ಧವಾಗಿ ಉತ್ತರ ಬರೆಯುವ ವಿಧಾನ. ಅದರ ಹೆಜ್ಜೆಗಳನ್ನು ಸ್ಪಷ್ಟವಾಗಿ ಬರೆದಿಟ್ಟು, ಗಣಿತ, ವಿಜ್ಞಾನ, ಕಲೆ, ದೈಹಿಕ ಶಿಕ್ಷಣ ಎಂಬ ಭೇದವಿಲ್ಲದೆ ಎಲ್ಲ ಶಿಕ್ಷಕರೂ ಅದನ್ನು ಸರದಿಯಂತೆ ಕಲಿಸಿದರು, ಒಂದೇ ಮಾನದಂಡದಿಂದ ಮೌಲ್ಯಮಾಪನ ಮಾಡಿದರು. ಇದಕ್ಕೆ ಬೇಕಾದ ತರಬೇತಿಯನ್ನು ಸಹೋದ್ಯೋಗಿಗಳೇ ನಡೆಸಿದರು. ಅದಕ್ಕಾಗಿ ಸಿಬ್ಬಂದಿ ಸಭೆಗಳ ಸಮಯವನ್ನು ಬಳಸಿಕೊಂಡರು. ಸುತ್ತೋಲೆ ಓದುವುದಕ್ಕೆ ಸಭೆ ಬೇಕಿಲ್ಲ, ಕಲಿಸುವುದನ್ನು ಕಲಿಯುವುದಕ್ಕೆ ಸಭೆ ಬೇಕು ಎಂಬ ಈ ಒಂದು ನಿರ್ಧಾರವನ್ನು ಯಾವ ಶಾಲೆಯಾದರೂ ನಾಳೆಯಿಂದಲೇ ಜಾರಿಗೆ ತರಬಹುದು. 2001ರ ಪರೀಕ್ಷೆಯಲ್ಲಿ, ಹಿಂದೆ ಅನುತ್ತೀರ್ಣರಾಗಿದ್ದು ಬಳಿಕ ಉತ್ತೀರ್ಣರಾದ ಮಕ್ಕಳ ಸಂಖ್ಯೆಯಲ್ಲಿ ಬ್ರಾಕ್ಟನ್ ಇಡೀ ರಾಜ್ಯದಲ್ಲಿ ಮುಂದಿತ್ತು, ಮತ್ತು ಏರಿಕೆ ಅಲ್ಲಿಗೆ ನಿಲ್ಲಲಿಲ್ಲ. ಶಿಕ್ಷಕರನ್ನು ಗುಂಪುಗುಂಪಾಗಿ ತೆಗೆದುಹಾಕಿ ಹೊಸಬರನ್ನು ತಂದು ಸಾಧಿಸಿದ ಫಲ ಇದಾಗಿರಲಿಲ್ಲ.

ಬ್ರೆಜಿಲ್‌ನ ಸಿಯಾರಾ ರಾಜ್ಯದ ಸೊಬ್ರಾಲ್ ನಗರದಲ್ಲಿಯೂ ಆರಂಭ ಇಂತಹದೇ. 2000ದ ಸುಮಾರಿಗೆ ಅಲ್ಲಿ ಎರಡನೆಯ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. ಆಡಳಿತವು ಎಲ್ಲ ಮಕ್ಕಳೂ ಆರಂಭದ ತರಗತಿಗಳಲ್ಲೇ ಓದಲು ಕಲಿಯಬೇಕೆಂಬುದನ್ನು ಮುಖ್ಯ ಗುರಿಯಾಗಿಟ್ಟುಕೊಂಡು, ಮುಖ್ಯಶಿಕ್ಷಕರನ್ನು ರಾಜಕೀಯ ಶಿಫಾರಸಿನ ಬದಲು ಅರ್ಹತೆಯಿಂದ ಆರಿಸತೊಡಗಿತು ಮತ್ತು ಮಕ್ಕಳ ಓದನ್ನು ನಿಯಮಿತವಾಗಿ ಪರೀಕ್ಷಿಸಿತು. 2005ರಲ್ಲಿ ದೇಶದ ನಗರಾಡಳಿತಗಳ ಶಿಕ್ಷಣ ಸೂಚ್ಯಂಕದಲ್ಲಿ 1,366ನೆಯ ಸ್ಥಾನದಲ್ಲಿದ್ದ ಸೊಬ್ರಾಲ್, 2015ರ ಹೊತ್ತಿಗೆ ಪ್ರಾಥಮಿಕ ಹಂತದಲ್ಲಿ ಮೊದಲನೆಯ ಸ್ಥಾನಕ್ಕೆ ಬಂದಿತು.

ಇದಕ್ಕೆ ವಿರುದ್ಧವಾದ ದಾರಿಯನ್ನೂ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಲಾಗಿದೆ. ಅಮೆರಿಕದ ಒಕ್ಕೂಟ ಸರ್ಕಾರವು 2009ರ ನಂತರ ಅತ್ಯಂತ ಹಿಂದುಳಿದ ಶಾಲೆಗಳ ಸುಧಾರಣೆಗೆಂದು ಸುಮಾರು 700 ಕೋಟಿ ಡಾಲರ್ ವೆಚ್ಚ ಮಾಡಿತು. ಅನುದಾನ ಪಡೆಯುವ ಶಾಲೆ ನಾಲ್ಕು ಮಾದರಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಮುಖ್ಯಶಿಕ್ಷಕರನ್ನೂ ಕನಿಷ್ಠ ಅರ್ಧದಷ್ಟು ಸಿಬ್ಬಂದಿಯನ್ನೂ ಬದಲಿಸುವುದು, ಶಾಲೆಯನ್ನೇ ಮುಚ್ಚುವುದು ಇವೂ ಆ ಮಾದರಿಗಳಲ್ಲಿ ಸೇರಿದ್ದವು. ಸರ್ಕಾರವೇ ಮಾಡಿಸಿ 2017ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಅನುದಾನದಿಂದ ಪರೀಕ್ಷಾ ಅಂಕಗಳಲ್ಲಾಗಲಿ, ಶಿಕ್ಷಣ ಪೂರ್ಣಗೊಳಿಸುವವರ ಪ್ರಮಾಣದಲ್ಲಾಗಲಿ, ಕಾಲೇಜು ಸೇರುವವರ ಪ್ರಮಾಣದಲ್ಲಾಗಲಿ ಗಣನೀಯ ಪರಿಣಾಮ ಕಂಡುಬರಲಿಲ್ಲ. ಹಣ ಬೇಡವೆಂದು ನಾನು ಹೇಳುತ್ತಿಲ್ಲ. ತರಗತಿಯೊಳಗಿನ ಪಾಠ ಮೊದಲಿನಂತೆಯೇ ಉಳಿದಾಗ ಹೊರಗಿನ ವ್ಯವಸ್ಥೆಯನ್ನು ಎಷ್ಟು ಬಾರಿ ಬದಲಿಸಿದರೂ ಮಗುವಿನ ದಿನ ಬದಲಾಗುವುದಿಲ್ಲ. ಜೊತೆಗೆ, ಅರ್ಧದಷ್ಟು ಜನರನ್ನು ಕಳುಹಿಸಿದ ಶಾಲೆಗೆ ಅವರ ಜಾಗಕ್ಕೆ ಅವರಿಗಿಂತ ಉತ್ತಮರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ಬಹಳ ಕಡೆಗಳಲ್ಲಿ ಉತ್ತರವೇ ಇರುವುದಿಲ್ಲ.

ಹಾಗಾದರೆ ಇರುವ ಶಿಕ್ಷಕರೊಂದಿಗೆ ಪಾಠ ಬದಲಾಗುವುದು ಹೇಗೆ? ವಾರಕ್ಕೊಮ್ಮೆ, ತಪ್ಪದೆ, ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿಕೊಂಡು ನಡೆಯುವ ಸಭೆಯಿಂದ. ಒಂದೇ ಪಾಠದ ಮೇಲೆ ಮಕ್ಕಳು ಬರೆದ ಹತ್ತು ಉತ್ತರಗಳನ್ನು, ಚೆನ್ನಾಗಿರುವವು, ಸಾಧಾರಣವಾದವು, ತೀರ ದುರ್ಬಲವಾದವು ಎಲ್ಲವೂ ಇರುವಂತೆ, ತಂದಿಟ್ಟುಕೊಂಡು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಮಗುವಿಗೆ ಏನು ಅರ್ಥವಾಗಿದೆ, ಎಲ್ಲಿ ದಾರಿ ತಪ್ಪಿದೆ, ಇದನ್ನು ನಾಳೆ ಬೇರೆ ರೀತಿಯಲ್ಲಿ ಹೇಗೆ ಕಲಿಸುತ್ತೇನೆ. ಮುಂದಿನ ವಾರದ ಸಭೆ ಆ ಮೂರನೆಯ ಉತ್ತರದಿಂದಲೇ ಆರಂಭವಾಗಬೇಕು, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಸಭೆ ಕೇವಲ ದೂರುಗಳ ಸಭೆಯಾಗುತ್ತದೆ. ಮಕ್ಕಳ ಮನೆಯ ಪರಿಸ್ಥಿತಿ ಈ ಮಾತುಕತೆಯಲ್ಲಿ ಬಂದೇ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅದನ್ನು ಬದಲಿಸುವ ಅಧಿಕಾರ ಆ ಮೇಜಿನ ಸುತ್ತ ಕುಳಿತವರಿಗಿಲ್ಲ, ನಾಳೆಯ ನಲವತ್ತು ನಿಮಿಷಗಳ ಮೇಲೆ ಮಾತ್ರ ಪೂರ್ಣ ಅಧಿಕಾರವಿದೆ.

ಮುಖ್ಯಶಿಕ್ಷಕರು ದಿನವೂ ಕೆಲವು ತರಗತಿಗಳಲ್ಲಿ ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳಬೇಕು. ಶಿಕ್ಷಕರ ತಪ್ಪು ಹುಡುಕುವುದಕ್ಕಾಗಿ ಅಲ್ಲ, ಒಂದೇ ವಿಷಯವನ್ನು ಗಮನಿಸುವುದಕ್ಕಾಗಿ: ಆ ಹೊತ್ತಿನಲ್ಲಿ ಓದುತ್ತಿರುವವರು, ಬರೆಯುತ್ತಿರುವವರು, ಯೋಚಿಸುತ್ತಿರುವವರು ಮಕ್ಕಳೋ ಶಿಕ್ಷಕರೋ? ಬಹಳ ಸಲ ಶಿಕ್ಷಕರೇ ಓದಿ, ಶಿಕ್ಷಕರೇ ವಿವರಿಸಿ, ಶಿಕ್ಷಕರೇ ಉತ್ತರವನ್ನು ಹಲಗೆಯ ಮೇಲೆ ಬರೆದು, ಮಕ್ಕಳು ಅದನ್ನು ನಕಲು ಮಾಡಿಕೊಳ್ಳುತ್ತಿರುತ್ತಾರೆ. ಕಂಡದ್ದನ್ನು ಅದೇ ದಿನ, ಖಾಸಗಿಯಾಗಿ, ಗೌರವದಿಂದ ಮಾತನಾಡಬೇಕು. ಕಚೇರಿಯ ಕಾಗದಪತ್ರಗಳು ಮುಖ್ಯಶಿಕ್ಷಕರ ಇಡೀ ದಿನವನ್ನು ತಿಂದುಹಾಕುತ್ತವೆ ಎಂಬುದು ನಿಜವಾದ ಕಷ್ಟವೇ. ಆದ್ದರಿಂದಲೇ ಬೆಳಗಿನ ಮೊದಲ ಒಂದು ಗಂಟೆಯನ್ನು ಕಾಗದಗಳಿಗೆ ಕೊಡದೆ ತರಗತಿಗಳಿಗೆ ಮುಡಿಪಾಗಿಡುವುದು ಒಳ್ಳೆಯದು.

ಇದೆಲ್ಲವೂ ನಂಬಿಕೆಯಿದ್ದಲ್ಲಿ ಮಾತ್ರ ನಡೆಯುತ್ತದೆ. ಆಂಥನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್ 1990ರ ದಶಕದಲ್ಲಿ ಷಿಕಾಗೊ ನಗರದ ಪ್ರಾಥಮಿಕ ಶಾಲೆಗಳನ್ನು ಅಧ್ಯಯನ ಮಾಡಿದಾಗ, ಶಿಕ್ಷಕರು, ಮುಖ್ಯಶಿಕ್ಷಕರು ಮತ್ತು ಪೋಷಕರ ನಡುವೆ ಬಲವಾದ ನಂಬಿಕೆಯಿದ್ದ ಶಾಲೆಗಳಲ್ಲಿ ಎರಡರಲ್ಲಿ ಒಂದು ಸುಧಾರಣೆಯ ಹಾದಿಯಲ್ಲಿತ್ತು, ನಂಬಿಕೆ ದುರ್ಬಲವಾಗಿದ್ದ ಶಾಲೆಗಳಲ್ಲಿ ಏಳರಲ್ಲಿ ಒಂದು ಮಾತ್ರ. ಈ ನಂಬಿಕೆ ಭಾಷಣದಿಂದ ಹುಟ್ಟುವುದಿಲ್ಲ. ಮುಖ್ಯಶಿಕ್ಷಕರು ಹೇಳಿದ ದಿನ ಹೇಳಿದ್ದನ್ನು ಮಾಡಿದಾಗ, ಒಬ್ಬ ಶಿಕ್ಷಕಿ ತನ್ನ ತರಗತಿಯ ದುರ್ಬಲ ಉತ್ತರಗಳನ್ನು ಸಭೆಗೆ ತಂದಾಗ ಅದನ್ನು ಆಕೆಯ ವಿರುದ್ಧ ಬಳಸದೆ ಇದ್ದಾಗ, ನಿರಂತರವಾಗಿ ಕರ್ತವ್ಯ ತಪ್ಪಿಸುವವರನ್ನು ಮಾತ್ರ ಸ್ಪಷ್ಟವಾಗಿ ಪ್ರಶ್ನಿಸಿದಾಗ ಅದು ನಿಧಾನವಾಗಿ ಬೆಳೆಯುತ್ತದೆ. ಕೊನೆಯದನ್ನು ಮಾಡಲು ಹಿಂಜರಿಯುವ ಮುಖ್ಯಶಿಕ್ಷಕರು ಉಳಿದ ಪ್ರಾಮಾಣಿಕ ಶಿಕ್ಷಕರ ವಿಶ್ವಾಸವನ್ನು ಕಳೆದುಕೊಳ್ಳುತ್ತಾರೆ.

ಹಾಜರಾತಿಯ ವಿಷಯದಲ್ಲಿ ಶಾಲೆಯ ಒಟ್ಟು ಸರಾಸರಿಯನ್ನು ನೋಡಿ ಸಮಾಧಾನಪಡಬಾರದು. ಸರಾಸರಿ ಶೇಕಡಾ 90 ಇದ್ದರೂ, ಅದರೊಳಗೆ ತಿಂಗಳಿಗೆ ನಾಲ್ಕೈದು ದಿನ ತಪ್ಪಿಸುವ ಮಕ್ಕಳ ಗುಂಪೊಂದು ಅಡಗಿರಬಹುದು. ವರ್ಷದ ಶೇಕಡಾ 10ರಷ್ಟು ದಿನಗಳನ್ನು ಕಳೆದುಕೊಳ್ಳುವ ಮಗುವನ್ನು ದೀರ್ಘಕಾಲದ ಗೈರುಹಾಜರಿಯ ಗುಂಪಿಗೆ ಸೇರಿಸುವುದು ಹಲವೆಡೆ ರೂಢಿ. 180 ದಿನಗಳ ಶಾಲಾ ವರ್ಷದಲ್ಲಿ ಅದು 18 ದಿನ, ಎಂದರೆ ತಿಂಗಳಿಗೆ ಎರಡೇ ದಿನ. ಹೆಸರು ಹಿಡಿದು ಪಟ್ಟಿ ಮಾಡಿ, ಮೂರನೆಯ ಗೈರಿಗೆ ಮುನ್ನವೇ ಮಗುವಿಗೆ ಪರಿಚಯವಿರುವ ಒಬ್ಬ ಶಿಕ್ಷಕರು ಮನೆಯವರೊಂದಿಗೆ ಮಾತನಾಡಬೇಕು, ಮತ್ತು ಆ ಮಾತು ಏಕೆ ಕಳುಹಿಸಲಿಲ್ಲ ಎಂಬ ಆಕ್ಷೇಪವಾಗದೆ ಏನು ತೊಂದರೆಯಾಯಿತು ಎಂಬ ವಿಚಾರಣೆಯಾಗಬೇಕು. ಷಿಕಾಗೊದಲ್ಲಿಯೇ ನಡೆದ ಇನ್ನೊಂದು ಅಧ್ಯಯನದ ಪ್ರಕಾರ, ಒಂಬತ್ತನೆಯ ತರಗತಿಯನ್ನು ಸರಿಯಾದ ದಾರಿಯಲ್ಲಿ, ಎಂದರೆ ಮುಖ್ಯ ವಿಷಯಗಳಲ್ಲಿ ಹೆಚ್ಚು ಅನುತ್ತೀರ್ಣರಾಗದೆ, ಮುಗಿಸಿದ ಮಕ್ಕಳು ಪ್ರೌಢಶಿಕ್ಷಣವನ್ನು ಪೂರ್ಣಗೊಳಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು ಹೆಚ್ಚಾಗಿತ್ತು. ಹೊಸ ಹಂತಕ್ಕೆ ಕಾಲಿಟ್ಟ ಮೊದಲ ವರ್ಷದ ಮಕ್ಕಳಿಗೆ ಶಾಲೆಯ ಅತ್ಯುತ್ತಮ ಶಿಕ್ಷಕರನ್ನು ಕೊಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ. ನಡೆಯುತ್ತಿರುವುದು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ, ಅನುಭವಿಗಳೆಲ್ಲ ಅಂತಿಮ ಪರೀಕ್ಷೆಯ ತರಗತಿಗೆ, ಹೊಸಬರು ಕೆಳಗಿನ ತರಗತಿಗಳಿಗೆ.

ಶಿಸ್ತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಯಮಗಳು ಕಡಿಮೆ ಇರಲಿ, ಎಲ್ಲ ಶಿಕ್ಷಕರೂ ಅವುಗಳನ್ನು ಒಂದೇ ರೀತಿಯಲ್ಲಿ ಪಾಲಿಸಲಿ, ಮಗುವನ್ನು ಅವಮಾನಿಸುವ ಶಿಕ್ಷೆ ಯಾವುದೂ ಇರದಿರಲಿ.

ಎಷ್ಟು ಕಾಲ ಬೇಕು ಎಂಬುದು ಈ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಶಾಲೆಯ ವಾತಾವರಣ ಮತ್ತು ಹಾಜರಾತಿ ಮೊದಲ ವರ್ಷದಲ್ಲೇ ಸುಧಾರಿಸಬಹುದು. ಆರಂಭಿಕ ಓದಿನಲ್ಲಿ ಕೆಲವೇ ತಿಂಗಳುಗಳಲ್ಲಿ ವ್ಯತ್ಯಾಸ ಕಾಣಬಹುದು. ಆದರೆ ಇಡೀ ಶಾಲೆಯ ಪರೀಕ್ಷಾ ಫಲಿತಾಂಶ ನೆಲೆ ನಿಲ್ಲಲು ಮೂರರಿಂದ ಐದು ವರ್ಷಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ಮೇಲಿನವರ ಒತ್ತಡಕ್ಕೆ ಮಣಿದು, ಉತ್ತೀರ್ಣತೆಯ ಅಂಚಿನಲ್ಲಿರುವ ಕೆಲವು ಮಕ್ಕಳನ್ನು ಮಾತ್ರ ಆರಿಸಿ ತಾಲೀಮು ಕೊಟ್ಟು, ತೀರ ಹಿಂದಿರುವವರನ್ನು ಕೈಬಿಡುವ ಆಸೆ ಹುಟ್ಟುತ್ತದೆ. ಇನ್ನೂ ಕೆಟ್ಟದ್ದೆಂದರೆ, ದುರ್ಬಲ ಮಕ್ಕಳನ್ನು ಪರೀಕ್ಷೆಗೇ ಕೂರದಂತೆ ಮಾಡುವುದು. ಅದರಿಂದ ಶೇಕಡಾವಾರು ಏರಬಹುದು, ಆದರೆ ಯಾರಿಗಾಗಿ ಶಾಲೆ ಬದಲಾಗಬೇಕಿತ್ತೋ ಆ ಮಕ್ಕಳೇ ಹೊರಗುಳಿಯುತ್ತಾರೆ. ಪ್ರಗತಿಯನ್ನು ಅಳೆಯುವಾಗ ಅಕ್ಷರದ ಮೆಟ್ಟಿಲಿನಿಂದ ಪದದ ಮೆಟ್ಟಿಲಿಗೆ ಬಂದ ಮಗುವೂ ಲೆಕ್ಕಕ್ಕೆ ಸಿಗುವಂತೆ ಅಳೆಯಬೇಕು, ಮತ್ತು ಆ ಲೆಕ್ಕವನ್ನು ಪೋಷಕರ ಸಭೆಯಲ್ಲಿ ಮಗುವಿನ ಓದನ್ನೇ ಕೇಳಿಸಿ ತೋರಿಸಬೇಕು. ಅಂಕಪಟ್ಟಿಗೆ ಸಹಿ ಹಾಕಲು ಮಾತ್ರ ಕರೆಸಿಕೊಳ್ಳುವ ಶಾಲೆಗೆ ಪೋಷಕರು ಹತ್ತಿರವಾಗುವುದಿಲ್ಲ.

ಸುಧಾರಿಸಿದ ಶಾಲೆ ಮತ್ತೆ ಕುಸಿಯುವುದು ಹೆಚ್ಚಾಗಿ ಮುಖ್ಯಶಿಕ್ಷಕರು ಬದಲಾದಾಗ. ಬ್ರಾಕ್ಟನ್‌ನಲ್ಲಿ ಆ ಸಮಿತಿಯ ಕೆಲಸದಲ್ಲಿ ಆರಂಭದಿಂದ ಇದ್ದ ಸೂಸನ್ ಷಾಕೊವಿಚ್ ಅವರೇ 2004ರಲ್ಲಿ ಪ್ರಾಂಶುಪಾಲರಾದದ್ದರಿಂದ ಕೆಲಸ ಮುಂದುವರಿಯಿತು. ಎಲ್ಲೆಡೆಯೂ ಅಂತಹ ಅನುಕೂಲವಿರುವುದಿಲ್ಲವಾದ್ದರಿಂದ, ವಾರದ ಸಭೆಯನ್ನು ಎರಡನೆಯ ವರ್ಷದಿಂದಲೇ ಮುಖ್ಯಶಿಕ್ಷಕರ ಬದಲು ಶಿಕ್ಷಕರೇ ಸರದಿಯಂತೆ ನಡೆಸಬೇಕು, ಓದಿನ ಪರೀಕ್ಷೆಯ ದಾಖಲೆಗಳು ಒಬ್ಬರ ಕಪಾಟಿನಲ್ಲಿರದೆ ಎಲ್ಲರಿಗೂ ಸಿಗುವಂತಿರಬೇಕು, ಮತ್ತು ಹೊಸ ಮುಖ್ಯಶಿಕ್ಷಕರು ಬಂದ ಮೊದಲ ವಾರದಲ್ಲೇ ಅವರನ್ನು ಆ ಸಭೆಗೆ ಕರೆದು, ಹತ್ತು ನೋಟ್‌ಬುಕ್ಕುಗಳನ್ನು ಅವರ ಮುಂದೆಯೂ ಇಡಬೇಕು.